'ಬಹುಶಃ' ಎಂಬ ಮಾತಿನ ತೂಕ

ಕಳೆದ ತಿಂಗಳು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಹಲ್ಮಿಡಿ ಶಾಸನದ ಕಾಲವನ್ನು ಕುರಿತು ಒಂದು ಪ್ರಶ್ನೆಯಿತ್ತು. ಒಬ್ಬ ಹುಡುಗ ಬರೆದಿದ್ದ ವಾಕ್ಯ ಇದು: "ಈ ಶಾಸನದ ಕಾಲವು ಪ್ರಾಯಶಃ ಸುಮಾರು ಕ್ರಿ.ಶ. 450 ಇರಬಹುದೆಂದು ಊಹಿಸಬಹುದಾಗಿದೆ." ಒಂದೇ ವಾಕ್ಯದಲ್ಲಿ ಪ್ರಾಯಶಃ, ಸುಮಾರು, ಇರಬಹುದು, ಊಹಿಸಬಹುದು ಎಂದು ನಾಲ್ಕು ಅನುಮಾನಗಳು! ಮರುದಿನ ಅವನನ್ನು ಕರೆದು ಕೇಳಿದೆ: "ಏನಪ್ಪ, ಇಷ್ಟೊಂದು ಸಂದೇಹ ಯಾಕೆ? ಇದು ನಿನಗೆ ಎಷ್ಟರಮಟ್ಟಿಗೆ ಖಚಿತ? ನೂರಕ್ಕೆ ತೊಂಬತ್ತೋ, ಅರವತ್ತೋ, ಮೂವತ್ತೋ?"

ಹುಡುಗ ತಲೆ ಕೆರೆದುಕೊಂಡ. "ಹಾಗೆಲ್ಲ ಯೋಚನೆ ಮಾಡಿಲ್ಲ ಸಾರ್. ಹೀಗೆ ಬರೆದರೆ ತಪ್ಪು ಅಂತ ಯಾರೂ ಹೇಳೋದಿಲ್ಲ, ಅದಕ್ಕೇ ಬರೆದೆ" ಎಂದ.

ಉತ್ತರ ಪ್ರಾಮಾಣಿಕವಾದದ್ದು. ನನಗೆ ನಗು ಬಂದಿತು. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಈ ವಿದ್ಯೆಯನ್ನು ಅವನು ಕಲಿತದ್ದು ನಮ್ಮಿಂದಲೇ ಅಲ್ಲವೆ? ಸಾಹಿತ್ಯಚರಿತ್ರೆಯ ಪಾಠದಲ್ಲಿ ಕವಿಯ ಕಾಲ, ದೇಶ, ಮತಗಳನ್ನು ಹೇಳುವಾಗ ನಾವು ಮೇಷ್ಟ್ರುಗಳು ಇದೇ ಮಾತುಗಳ ಮರೆಯಲ್ಲಿ ನಿಂತುಕೊಳ್ಳುತ್ತೇವೆ. ತಿಳಿಯದ್ದನ್ನು ತಿಳಿಯದೆಂದು ಹೇಳುವುದು ವಿನಯ. ಎಷ್ಟು ತಿಳಿದಿದೆಯೆಂಬುದನ್ನೇ ಮಸುಕು ಮಾಡುವುದು ವಿನಯವಲ್ಲ, ತಪ್ಪಿಸಿಕೊಳ್ಳುವ ಉಪಾಯ.

ಈ ಪ್ರಸಂಗದಿಂದ ನನಗೆ ನೆನಪಾದದ್ದು ಕನ್ನಡ ಸಾಹಿತ್ಯಕ್ಕೆ ಬಹುದೂರದ ಒಂದು ಚರಿತ್ರೆ. ಪರರಾಷ್ಟ್ರಗಳ ಗುಪ್ತವಾರ್ತೆಯನ್ನು ತೂಗಿ ನೋಡುವ ಉದ್ಯೋಗಕ್ಕೆ ಹೊಸದಾಗಿ ಸೇರಿದವರಿಗೆ ಯೋಚಿಸುವುದನ್ನೂ ಬರೆಯುವುದನ್ನೂ ಕಲಿಸಲು ಹೊರಟ ಒಬ್ಬ ಇತಿಹಾಸದ ಮೇಷ್ಟ್ರ ಕಥೆ ಅದು. ಬೇಹುಗಾರಿಕೆಯೆಂದೊಡನೆ ನಮಗೆ ಸಿನಿಮಾ ನೆನಪಾಗುತ್ತದೆ: ಕಪ್ಪು ಕನ್ನಡಕ, ಸುಳ್ಳು ಹೆಸರು, ಪಿಸ್ತೂಲು. ಸುದ್ದಿಯನ್ನು ಕದ್ದು ತರುವವನ ಚಿತ್ರ ಅದು. ತಂದ ಸುದ್ದಿಯನ್ನು ಮೇಜಿನ ಮೇಲೆ ಹರಡಿಕೊಂಡು, ಇದರಲ್ಲಿ ನಿಜವೆಷ್ಟು, ಜೊಳ್ಳೆಷ್ಟು, ಇದರಿಂದ ನಾಳೆ ಏನಾದೀತು ಎಂದು ಬರೆದು ದೊರೆಯ ಮುಂದಿಡುವವನು ಬೇರೆ. ವಿಶ್ಲೇಷಕನೆಂದು ಅವನ ಹೆಸರು. ಅವನ ಆಯುಧ ಲೇಖನಿ. ಅವನು ಬರೆದ ಒಂದು ಮಾತು ಮಸುಕಾದರೆ ಸೈನ್ಯ ಹೊರಡಬಹುದು, ಅಥವಾ ಹೊರಡಬೇಕಾದ ಸೈನ್ಯ ಹೊರಡದೆ ಉಳಿಯಬಹುದು.

ಆ ಮೇಷ್ಟ್ರ ಹೆಸರು ಷರ್ಮನ್ ಕೆಂಟ್. ಹುಟ್ಟಿದ್ದು 1903ರಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಯೂರೋಪಿನ ಇತಿಹಾಸ ಬೋಧಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಚುನಾವಣಾ ಪದ್ಧತಿ ಅವರ ಸಂಶೋಧನೆಯ ವಿಷಯ. ಇತಿಹಾಸವನ್ನು ಬರೆಯುವುದು ಹೇಗೆಂದು ವಿದ್ಯಾರ್ಥಿಗಳಿಗಾಗಿ 1941ರಲ್ಲಿ ಒಂದು ಕೈಪಿಡಿಯನ್ನೂ ಹೊರತಂದಿದ್ದರು. ಆಧಾರ ಹುಡುಕುವುದು, ಆಧಾರವನ್ನು ಶಂಕಿಸುವುದು, ಶಂಕೆ ತೀರಿದ ಮೇಲೆ ತಿಳಿಯಾಗಿ ಬರೆಯುವುದು: ಇದು ಅವರ ಕಸುಬು. ಅದೇ ವರ್ಷ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು.

ಆ ದೇಶಕ್ಕೆ ಆಗ ಸುದ್ದಿಯನ್ನು ತೂಗುವ ಒಂದು ಕೇಂದ್ರ ಕಚೇರಿಯೇ ಇರಲಿಲ್ಲ. ವಿಲಿಯಂ ಡೊನೊವಾನ್ ಎಂಬವರು ಅಂಥದೊಂದನ್ನು ಕಟ್ಟಲು ಹೊರಟಾಗ ನೆರವಿಗೆ ಬಂದವರು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಕವಿ ಆರ್ಚಿಬಾಲ್ಡ್ ಮ್ಯಾಕ್ಲೀಶ್. ಶತ್ರುದೇಶದ ವಿಷಯದಲ್ಲಿ ತಿಳಿಯಬೇಕಾದದ್ದರಲ್ಲಿ ಬಹುಪಾಲು ಕಳ್ಳತನದಿಂದ ತರಬೇಕಾದದ್ದಲ್ಲ. ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ, ರೈಲ್ವೆ ವೇಳಾಪಟ್ಟಿಗಳಲ್ಲಿ ಬಿದ್ದಿರುತ್ತದೆ. ಓದಿ ಹೆಕ್ಕಬಲ್ಲವರು ಬೇಕು, ಅಷ್ಟೆ. ಹಾಗೆಂದು ಕಾಲೇಜುಗಳಿಂದ ಇತಿಹಾಸಕಾರರನ್ನೂ ಅರ್ಥಶಾಸ್ತ್ರಜ್ಞರನ್ನೂ ಭೂಗೋಳದವರನ್ನೂ ಕರೆತಂದು ಗ್ರಂಥಾಲಯದ ಅನುಬಂಧ ಕಟ್ಟಡದಲ್ಲಿ ಕೂರಿಸಿದರು. ಹಾರ್ವರ್ಡ್‌ನ ಇತಿಹಾಸಕಾರ ವಿಲಿಯಂ ಲ್ಯಾಂಗರ್ ಈ ಸಂಶೋಧನೆ ಮತ್ತು ವಿಶ್ಲೇಷಣೆಯ ಶಾಖೆಗೆ ಮುಖ್ಯಸ್ಥರಾದರು. ಕೆಂಟ್ ಆಫ್ರಿಕದ ವಿಭಾಗವನ್ನು ವಹಿಸಿಕೊಂಡರು. 1942ರ ನವೆಂಬರಿನಲ್ಲಿ ಮಿತ್ರಪಡೆಗಳು ಉತ್ತರ ಆಫ್ರಿಕದಲ್ಲಿ ಇಳಿಯುವ ಮೊದಲು ಮೊರಾಕೊ, ಆಲ್ಜೀರಿಯ, ಟ್ಯುನೀಸಿಯಗಳ ಬಂದರು, ರೈಲುದಾರಿಗಳ ವಿವರವನ್ನು ಹಗಲಿರುಳು ಕುಳಿತು ಸಿದ್ಧಪಡಿಸಿದವರು ಈ ಮೇಷ್ಟ್ರುಗಳು. ಪುಸ್ತಕದ ಹುಳುಗಳೆಂದು ಮೂಗುಮುರಿಯುತ್ತಿದ್ದ ಸೇನಾಧಿಕಾರಿಗಳು ಆಮೇಲೆ ಗೌರವದಿಂದ ನೋಡತೊಡಗಿದರು.

ವಿದ್ವಾಂಸರನ್ನು ಕರೆತಂದದ್ದಾಯಿತು, ಅವರಿಂದ ಬರೆಯಿಸುವುದು ಬೇರೆಯೇ ಕಷ್ಟವಾಯಿತು. ಪ್ರಾಧ್ಯಾಪಕನಿಗೆ ಪುಟಗಟ್ಟಲೆ ಬರೆದು ಅಭ್ಯಾಸ, ಪಕ್ಷ ಹಿಡಿದು ವಾದಿಸಿ ಅಭ್ಯಾಸ. ಸೇನಾಪತಿಗೆ ಬೇಕಾದದ್ದು ನಾಲ್ಕು ಪುಟ. ಅದಕ್ಕಾಗಿ ಭೂಗೋಳಶಾಸ್ತ್ರಜ್ಞ ರಿಚರ್ಡ್ ಹಾರ್ಟ್‌ಶೋರ್ನ್ ಅವರ ನಾಯಕತ್ವದಲ್ಲಿ ಒಂದು ಸಮಿತಿಯೇ ಕುಳಿತು ವರದಿಗಳನ್ನು ಜಾಲಿಸಿತು. ಬರೆದವನ ರಾಗದ್ವೇಷ ಸೂಚಿಸುವ ವಿಶೇಷಣಗಳು ಹೋದವು. ಸಲಹೆ ಕೊಡುವ ಚಪಲ ಹೋಯಿತು. ದೊಡ್ಡ ದೊಡ್ಡ ವಿದ್ವಾಂಸರು ತಮ್ಮ ಬರಹದ ಮೇಲೆ ಕೆಂಪು ಶಾಯಿಯನ್ನು ನೋಡಿ ಮುಖ ಸಿಂಡರಿಸಿಕೊಂಡಿರಬೇಕು. ಜೀವಮಾನವೆಲ್ಲ ಪರರ ಬರಹಕ್ಕೆ ಕೆಂಪು ಶಾಯಿ ಹಚ್ಚಿದವರಿಗೆ ಆ ನೋವು ಏನೆಂದು ನಾನು ಬಲ್ಲೆ.

ಯುದ್ಧ ಮುಗಿದ ಮೇಲೆ ಕೆಂಟ್ ಯೇಲ್‌ಗೆ ಹಿಂದಿರುಗಿದರು. 1949ರಲ್ಲಿ ತಮ್ಮ ಅನುಭವವನ್ನು ಒಂದು ಪುಸ್ತಕವಾಗಿ ಪ್ರಕಟಿಸಿದರು. ಆದರೆ ತರಗತಿ ಅವರನ್ನು ಬಹಳ ಕಾಲ ಹಿಡಿದಿಡಲಿಲ್ಲ. 1950ರ ಜೂನ್ 25ರಂದು ಉತ್ತರ ಕೊರಿಯದ ಸೈನ್ಯ ದಕ್ಷಿಣಕ್ಕೆ ನುಗ್ಗಿತು; ಅಮೆರಿಕದ ಕೇಂದ್ರ ಗುಪ್ತವಾರ್ತಾ ಸಂಸ್ಥೆ, ಎಂದರೆ ಸಿ.ಐ.ಎ., ಅದನ್ನು ಮುಂಗಂಡಿರಲಿಲ್ಲ. ಹೊಸ ನಿರ್ದೇಶಕ ವಾಲ್ಟರ್ ಬೆಡೆಲ್ ಸ್ಮಿತ್ ಅವರು ಮುಂದಾಗುವುದನ್ನು ಅಂದಾಜು ಮಾಡುವುದಕ್ಕೆಂದೇ ಒಂದು ಕಚೇರಿ ತೆರೆದು ಲ್ಯಾಂಗರ್ ಅವರನ್ನು ಕರೆಸಿದರು. ಲ್ಯಾಂಗರ್ ಕೆಂಟ್ ಅವರನ್ನು ಕರೆಸಿಕೊಂಡರು. 1952ರಿಂದ 1967ರವರೆಗೆ ಕೆಂಟ್ ಅವರೇ ಅದರ ಮುಖ್ಯಸ್ಥರಾಗಿದ್ದರು.

ನಾನು ಹೇಳಬೇಕೆಂದಿರುವ ಘಟನೆ ನಡೆದದ್ದು 1951ರ ಮಾರ್ಚಿಯಲ್ಲಿ. ಯುಗೋಸ್ಲಾವಿಯದ ಟಿಟೊ 1948ರಲ್ಲಿಯೇ ಸ್ಟಾಲಿನ್ನನ ಹಿಡಿತದಿಂದ ಸಿಡಿದು ನಿಂತಿದ್ದ. ನೆರೆಯ ಹಂಗೆರಿ, ರುಮೇನಿಯ, ಬಲ್ಗೇರಿಯಗಳು ರಷ್ಯದ ಬೆಂಬಲದಿಂದ ಸೈನ್ಯ ಕೂಡಿಸುತ್ತಿದ್ದವು. ಆ ವರ್ಷ ಯುಗೋಸ್ಲಾವಿಯದ ಮೇಲೆ ದಾಳಿಯಾಗುವುದೋ ಇಲ್ಲವೋ? ಕೆಂಟ್ ಮತ್ತು ಅವರ ಜೊತೆಯವರು ಕುಳಿತು, ಚರ್ಚಿಸಿ, ವಾಕ್ಯ ವಾಕ್ಯವನ್ನೂ ತಿದ್ದಿ ಅಂದಾಜನ್ನು ಬರೆದರು. ದಾಳಿಯನ್ನು ಒಂದು 'ಗಂಭೀರ ಸಾಧ್ಯತೆ' ಎಂದು ಪರಿಗಣಿಸಬೇಕು ಎಂಬುದು ಅದರ ಸಾರ.

ಕೆಲವು ದಿನಗಳ ಮೇಲೆ ವಿದೇಶಾಂಗ ಇಲಾಖೆಯಲ್ಲಿ ನೀತಿ ನಿರೂಪಿಸುವ ಮಂಡಳಿಯ ಮುಖ್ಯಸ್ಥರು ಮಾತಿನ ನಡುವೆ ಕೇಳಿದರು: 'ಗಂಭೀರ ಸಾಧ್ಯತೆ' ಎಂದಿರಲ್ಲ, ಹಾಗೆಂದರೆ ನಿಮ್ಮ ಮನಸ್ಸಿನಲ್ಲಿ ಎಷ್ಟು? ನೂರಕ್ಕೆ ಅರವತ್ತೈದರಷ್ಟು ದಾಳಿಯ ಕಡೆಗೇ ಎಂದರು ಕೆಂಟ್. ಕೇಳಿದವರು ಬೆಚ್ಚಿದರು. ಆ ಮಾತನ್ನು ಓದಿ ಅವರೂ ಅವರ ಸಹೋದ್ಯೋಗಿಗಳೂ ಅದಕ್ಕಿಂತ ಎಷ್ಟೋ ಕಡಿಮೆಯೆಂದು ತಿಳಿದುಕೊಂಡಿದ್ದರು.

ಕೆಂಟ್ ಅವರಿಗೆ ಅಸಮಾಧಾನವಾಯಿತು. ಓದಿದವರು ತಪ್ಪು ತಿಳಿದರೆ ಅದು ಒಂದು. ಬರೆದವರಾದರೂ ಒಂದೇ ಅರ್ಥದಲ್ಲಿ ಬರೆದಿದ್ದರೇ? ವರದಿಗೆ ಒಪ್ಪಿಗೆಯಿತ್ತ ಜೊತೆಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಒಬ್ಬರ ಮನಸ್ಸಿನಲ್ಲಿ ದಾಳಿಯಾಗುವುದು ನೂರಕ್ಕೆ ಎಂಬತ್ತು, ಮತ್ತೊಬ್ಬರ ಮನಸ್ಸಿನಲ್ಲಿ ನೂರಕ್ಕೆ ಇಪ್ಪತ್ತು. ಉಳಿದವರು ಇವೆರಡರ ನಡುವೆ ಚದುರಿದ್ದರು. ಎಲ್ಲರೂ ಒಂದೇ ವಾಕ್ಯಕ್ಕೆ ತಲೆಯಾಡಿಸಿದ್ದರು. ಅವರು ಒಪ್ಪಿದ್ದು ಎರಡು ಶಬ್ದಗಳನ್ನು, ಅಭಿಪ್ರಾಯವನ್ನಲ್ಲ. ಆ ಶಬ್ದಗಳು ಅವರ ಭಿನ್ನಾಭಿಪ್ರಾಯವನ್ನು ಬಗೆಹರಿಸಿರಲಿಲ್ಲ, ಮುಚ್ಚಿದ್ದವು.

ನಮ್ಮ ಕಮಿಟಿಗಳಲ್ಲಿ ಠರಾವು ಬರೆಯುವ ರೀತಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಎಲ್ಲರಿಗೂ ಸಮ್ಮತವಾಗುವ ಮಾತು ಸಿಕ್ಕಿತೆಂದು ನಾವು ಸಂತೋಷದಿಂದ ಕಾಫಿ ಕುಡಿದು ಏಳುತ್ತೇವೆ. ಆ ಮಾತು ಏಕೆ ಎಲ್ಲರಿಗೂ ಸಮ್ಮತವಾಯಿತೆಂದು ಕೇಳಿಕೊಳ್ಳುವುದಿಲ್ಲ.

ಕೆಂಟ್ ಕೇಳಿಕೊಂಡರು. ಸಂದೇಹದ ಮಾತುಗಳಿಗೆ ಒಂದು ಅಳತೆಪಟ್ಟಿ ಮಾಡಿದರು. 'ಬಹುಮಟ್ಟಿಗೆ ನಿಶ್ಚಿತ' ಎಂದರೆ ನೂರಕ್ಕೆ 93, ಆಚೀಚೆ 6. 'ಸಂಭವನೀಯ' ಎಂದರೆ 75, ಆಚೀಚೆ 12. 'ಸಮಸಮ' ಎಂದರೆ 50, ಆಚೀಚೆ 10. 'ಸಂಭವನೀಯವಲ್ಲ' ಎಂದರೆ 30, ಆಚೀಚೆ 10. 'ಬಹುಮಟ್ಟಿಗೆ ಇಲ್ಲ' ಎಂದರೆ 7, ಆಚೀಚೆ 5. ಅಕ್ಕಿಗೆ ಸೇರು ಪಾವು ಇದ್ದಂತೆ ಅನುಮಾನಕ್ಕೊಂದು ಸೇರು ಪಾವು! ಕಚೇರಿಯಲ್ಲಿ ಎರಡು ಪಂಗಡಗಳಾದವು. ಅಳತೆ ಬೇಕೆಂದವರನ್ನು ಕೆಂಟ್ 'ಗಣಿತಜ್ಞರು' ಎಂದು ಕರೆದರು, ಬೇಡವೆಂದವರನ್ನು 'ಕವಿಗಳು' ಎಂದರು. ಮನುಷ್ಯ ವ್ಯವಹಾರದ ಮುಂದಿನ ಗತಿಯನ್ನು ಅಂಕಿಯಲ್ಲಿ ಹಿಡಿಯಲಾಗದು, ಅಂಕಿ ಬರೆದರೆ ಇಲ್ಲದ ನಿಖರತೆಯ ಸೋಗು ಹಾಕಿದಂತೆ ಎಂಬುದು ಕವಿಗಳ ವಾದ. ಅದು ಹುರುಳಿಲ್ಲದ ವಾದವಲ್ಲ. ಕೆಂಟ್ ಗೆಲ್ಲಲಿಲ್ಲ, ಅವರ ಪಟ್ಟಿ ಅವರ ಕಾಲದಲ್ಲಿ ಕಚೇರಿಯ ಕಟ್ಟಳೆಯಾಗಲಿಲ್ಲ. 1964ರಲ್ಲಿ ಸಂಸ್ಥೆಯ ಒಳಗಿನವರಿಗಾಗಿ ನಡೆಯುತ್ತಿದ್ದ ಪತ್ರಿಕೆಯಲ್ಲಿ ಈ ಕಥೆಯನ್ನೆಲ್ಲ ಅವರು ಒಂದು ಪ್ರಬಂಧವಾಗಿ ಬರೆದಿಟ್ಟರು. ಎಷ್ಟೋ ವರ್ಷಗಳ ಮೇಲೆ ಅದು ಹೊರಗಿನವರಿಗೂ ಓದಲು ಸಿಕ್ಕಿತು.

ಆ ಪ್ರಬಂಧದ ಮೊದಲಿಗೆ ಒಂದು ಉದಾಹರಣೆಯಿದೆ. ಹೊಸಬರಿಗೆ ಪಾಠ ಹೇಳಲು ಅದಕ್ಕಿಂತ ಸರಳವಾದದ್ದು ಸಿಗುವುದು ಕಷ್ಟ. ಆಕಾಶದಿಂದ ತೆಗೆದ ಒಂದು ವಿಮಾನ ನಿಲ್ದಾಣದ ಚಿತ್ರವನ್ನು ಒಬ್ಬ ವಿವರಿಸುತ್ತಾನೆ. ಇಲ್ಲಿ ಹೊಸ ನಿಲ್ದಾಣವಿದೆ, ಅದರ ಅತ್ಯಂತ ಉದ್ದದ ಓಡುದಾರಿ 10,000 ಅಡಿ: ಇದು ಕಣ್ಣಿಗೆ ಕಂಡದ್ದು, ಅಳೆದದ್ದು. ಇದು ಬಹುಮಟ್ಟಿಗೆ ಸೈನ್ಯದ ನಿಲ್ದಾಣ: ಇದು ಕಂಡದ್ದರಿಂದ ಕಟ್ಟಿದ ತೀರ್ಮಾನ. ನೆಲದ ರೀತಿ ನೋಡಿದರೆ ಬೇಕಾದಾಗ ಓಡುದಾರಿಯನ್ನು ಇನ್ನೂ ಉದ್ದ ಮಾಡಬಲ್ಲರು: ಇದು ಮುಂದಿನದರ ಅಂದಾಜು. ಮೂರು ವಾಕ್ಯಗಳೂ ಒಂದೇ ದನಿಯಲ್ಲಿ, ಒಂದೇ ಉಸಿರಿನಲ್ಲಿ ಬರುತ್ತವೆ. ಕೇಳುವವನು ಮೂರನ್ನೂ ಒಂದೇ ಬಗೆಯ ಸತ್ಯವೆಂದು ತಿಳಿಯುತ್ತಾನೆ. ಮೂರನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಇಡಬೇಕು, ಯಾವುದು ಯಾವುದೆಂದು ಓದುಗನಿಗೆ ತಿಳಿಯುವಂತೆ ಬರೆಯಬೇಕು. ವಿಶ್ಲೇಷಕನಿಗೆ ಮೊದಲ ಪಾಠ ಇದು.

ಅಳತೆಯಿಲ್ಲದ ಮಾತಿನಿಂದ ಆದ ಅನರ್ಥಕ್ಕೆ ಉದಾಹರಣೆ ಬೇಕಾದರೆ 1961ನ್ನು ನೋಡಬೇಕು. ಆ ವರ್ಷ ಏಪ್ರಿಲಿನಲ್ಲಿ ಕ್ಯೂಬದ ಬೇ ಆಫ್ ಪಿಗ್ಸ್‌ನಲ್ಲಿ ಕ್ಯಾಸ್ಟ್ರೊ ವಿರೋಧಿಗಳನ್ನು ಇಳಿಸುವ ಯೋಜನೆಯನ್ನು ಸೇನಾ ಮುಖ್ಯಸ್ಥರು ಮೊದಲೇ ಪರಿಶೀಲಿಸಿ ಅಭಿಪ್ರಾಯ ಕೊಟ್ಟಿದ್ದರು. ಗೆಲುವಿನ ಸಂಭವ 'ತಕ್ಕಮಟ್ಟಿಗೆ ಇದೆ' ಎಂಬರ್ಥದ ಇಂಗ್ಲಿಷ್ ಮಾತು ಅದರಲ್ಲಿತ್ತು. ಬರೆದ ಅಧಿಕಾರಿಯ ಮನಸ್ಸಿನಲ್ಲಿ ಅದು ನೂರಕ್ಕೆ ಮೂವತ್ತು ಮಾತ್ರ. ಓದಿದವರು ಪರವಾಗಿಲ್ಲವೆಂದು ತಿಳಿದರು. ಇಳಿದವರು ಮೂರು ದಿನಗಳೊಳಗೆ ಸೋತರು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಆ ಒಂದು ಮಾತೇ ಸೋಲಿಗೆ ಕಾರಣವೆಂದು ನಾನು ಹೇಳುವುದಿಲ್ಲ; ತಡೆಯಬಹುದಾಗಿದ್ದ ಒಂದು ಕೈಯನ್ನು ಅದು ತಡೆಯಲಿಲ್ಲ.

ಅಂಕಿ ಬರೆದರೆ ಎಲ್ಲ ಸರಿಹೋಗುತ್ತದೆಯೆ? ಇಲ್ಲ. ಅದಕ್ಕೆ ಸ್ವತಃ ಕೆಂಟ್ ಅವರೇ ಸಾಕ್ಷಿ. 1962ರ ಸೆಪ್ಟೆಂಬರ್ 19ರಂದು ಅವರ ಕಚೇರಿ ಕ್ಯೂಬದ ಬಗೆಗೆ ಒಂದು ಅಂದಾಜು ಬರೆಯಿತು: ರಷ್ಯ ಅಲ್ಲಿ ಅಮೆರಿಕದ ಮೇಲೆ ಬೀಳಬಲ್ಲ ಕ್ಷಿಪಣಿಗಳನ್ನು ಇಡುವುದು ಅದರ ಈವರೆಗಿನ ನಡತೆಗೆ ಹೊಂದುವುದಿಲ್ಲ, ಆದ್ದರಿಂದ ಇಡಲಾರದು. ಅಕ್ಟೋಬರ್ 14ರಂದು ಹಾರಿದ ವಿಮಾನ ತಂದ ಚಿತ್ರಗಳಲ್ಲಿ ಆ ಕ್ಷಿಪಣಿಗಳ ನೆಲೆಗಳೇ ಕಂಡವು. ಇಲ್ಲಿ ತಪ್ಪಿದ್ದು ಭಾಷೆಯಲ್ಲ, ಯೋಚನೆ. ಎದುರಾಳಿ ನಮ್ಮಂತೆಯೇ ಲೆಕ್ಕ ಹಾಕುತ್ತಾನೆ, ನಮಗೆ ಹುಚ್ಚುತನವೆಂದು ಕಂಡದ್ದನ್ನು ಅವನೂ ಮಾಡಲಾರನು ಎಂಬ ನಂಬಿಕೆ ಎಲ್ಲರ ತಲೆಯಲ್ಲಿ ಮನೆಮಾಡಿತ್ತು. ಅದು ನಂಬಿಕೆಯೆಂದು ತಿಳಿದಿದ್ದರೆ ಪರೀಕ್ಷಿಸಬಹುದಾಗಿತ್ತು. ಅದು ಗಾಳಿಯಂತೆ ಸುತ್ತ ಇದ್ದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಸಂಸ್ಥೆಯ ನಿರ್ದೇಶಕ ಜಾನ್ ಮೆಕೋನ್ ಮಾತ್ರ ಮೊದಲಿನಿಂದಲೂ ಸಂದೇಹಪಟ್ಟಿದ್ದರು.

ಈ ರೋಗಕ್ಕೆ ಔಷಧ ಹುಡುಕಿದವರು ಅದೇ ಸಂಸ್ಥೆಯಲ್ಲಿ ಬಹುಕಾಲ ದುಡಿದ ರಿಚರ್ಡ್ಸ್ ಹ್ಯೂಯರ್. 1999ರಲ್ಲಿ ಪ್ರಕಟವಾದ ಅವರ ಪುಸ್ತಕ ವಿಶ್ಲೇಷಕನ ಮನಸ್ಸನ್ನೇ ವಿಶ್ಲೇಷಿಸುತ್ತದೆ. ಮನುಷ್ಯ ತಾನು ಎದುರುನೋಡುವುದನ್ನೇ ಕಾಣುತ್ತಾನೆ. ಒಂದು ಊಹೆಯನ್ನು ಹಿಡಿದನೆಂದರೆ ಅದಕ್ಕೆ ಒಗ್ಗುವ ಆಧಾರವನ್ನೇ ಆರಿಸಿಕೊಳ್ಳುತ್ತಾನೆ. ಆದ್ದರಿಂದ ಹ್ಯೂಯರ್ ಹೇಳಿಕೊಟ್ಟ ಉಪಾಯ: ಒಂದು ಕಾಗದದ ಮೇಲ್ಗಡೆ ಸಾಧ್ಯವಿರುವ ಎಲ್ಲ ಊಹೆಗಳನ್ನೂ ಸಾಲಾಗಿ ಬರೆ, ಎಡಗಡೆ ದೊರೆತ ಆಧಾರಗಳನ್ನು ಬರೆ, ಒಂದೊಂದು ಆಧಾರವೂ ಯಾವ ಊಹೆಗೆ ವಿರೋಧವೆಂದು ಗುರುತಿಸು. ಹೆಚ್ಚು ಬೆಂಬಲವಿರುವುದನ್ನಲ್ಲ, ಕಡಿಮೆ ವಿರೋಧವಿರುವುದನ್ನು ಆರಿಸು. ಎಲ್ಲ ಊಹೆಗಳಿಗೂ ಒಗ್ಗುವ ಆಧಾರದಿಂದ ಯಾವ ಉಪಯೋಗವೂ ಇಲ್ಲ. ಜ್ವರವಿದೆಯೆಂದ ಮಾತ್ರಕ್ಕೆ ರೋಗ ಯಾವುದೆಂದು ಗೊತ್ತಾಗುವುದಿಲ್ಲ. ಜ್ವರ ನೂರು ರೋಗಗಳಲ್ಲಿದೆ.

ಸಿ.ಐ.ಎ. 2000ದಲ್ಲಿ ವಿಶ್ಲೇಷಕರಿಗಾಗಿ ಒಂದು ತರಬೇತಿ ಶಾಲೆಯನ್ನು ತೆರೆದು ಅದಕ್ಕೆ ಷರ್ಮನ್ ಕೆಂಟ್ ಅವರ ಹೆಸರಿಟ್ಟಿತು. ಕೆಂಟ್ 1986ರಲ್ಲಿಯೇ ತೀರಿಕೊಂಡಿದ್ದರು. ಕಾಲೇಜಿನಿಂದ ಬಂದ ಹೊಸಬರು ಇಂಥ ತರಬೇತಿಯಲ್ಲಿ ಮೊದಲು ಮರೆಯಬೇಕಾದದ್ದು ಕಾಲೇಜಿನ ಬರವಣಿಗೆಯನ್ನು. ನಮ್ಮ ಶಾಲೆಗಳಲ್ಲಿ ಪ್ರಬಂಧವೆಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಕಲಿಸುತ್ತೇವೆ. ಅಲ್ಲಿ ಉಪಸಂಹಾರವೇ ಮೊದಲು. ಓದುವವನಿಗೆ ಸಮಯವಿಲ್ಲ, ಮೊದಲ ವಾಕ್ಯದಲ್ಲಿ ತೀರ್ಮಾನ, ಆಮೇಲೆ ಅದರ ಖಚಿತತೆ ಎಷ್ಟು, ಆಮೇಲೆ ಆಧಾರ, ಕೊನೆಗೆ ಏನು ಕಂಡರೆ ಈ ತೀರ್ಮಾನ ಬದಲಾಗಬೇಕು ಎಂಬುದು. ಎಲ್ಲವನ್ನೂ ಒಂದೆರಡು ಪುಟದಲ್ಲಿ ಹೇಳಬೇಕು.

ಶಾಲೆಯೇನೋ ಬಂದಿತು; ಎರಡೇ ವರ್ಷಗಳಲ್ಲಿ ಎಡವಲಿಲ್ಲವೆ ಎನ್ನಬಹುದು. ಎಡವಿದ್ದು ನಿಜ. 2002ರ ಅಕ್ಟೋಬರಿನಲ್ಲಿ ಬರೆದ ಅಂದಾಜು ಇರಾಕಿನಲ್ಲಿ ರಾಸಾಯನಿಕ, ಜೈವಿಕ ಅಸ್ತ್ರಗಳಿವೆಯೆಂದು ದೃಢವಾದ ದನಿಯಲ್ಲಿ ಹೇಳಿತು. ಅಣ್ವಸ್ತ್ರದ ವಿಷಯದಲ್ಲಿ ವಿದೇಶಾಂಗ ಇಲಾಖೆಯ ವಿಶ್ಲೇಷಕರು ಭಿನ್ನಮತ ಬರೆದರು, ಅದು ಬದಿಗೆ ಬಿತ್ತು. 2003ರ ಮಾರ್ಚಿಯಲ್ಲಿ ಯುದ್ಧ ಪ್ರಾರಂಭವಾಯಿತು. ಹುಡುಕಿದವರಿಗೆ ಅಸ್ತ್ರಗಳ ದಾಸ್ತಾನು ಸಿಗಲಿಲ್ಲವೆಂದು 2004ರ ವರದಿ ಹೇಳಿತು. ಇರಾಕ್ ಹಿಂದೆ ಬಚ್ಚಿಟ್ಟಿತ್ತು, ಆದ್ದರಿಂದ ಈಗಲೂ ಬಚ್ಚಿಟ್ಟಿದೆ ಎಂಬುದು ಊಹೆ. ಅದು ಕೈಯಿಂದ ಕೈಗೆ ದಾಟುವಷ್ಟರಲ್ಲಿ ಸಂಗತಿಯಾಗಿಬಿಟ್ಟಿತ್ತು. ಕೆಂಟ್ ಅವರ ಮೂರು ಪಾತ್ರೆಗಳು ಒಂದಾಗಿದ್ದವು. ಈ ಪೆಟ್ಟಿನ ಮೇಲೆ 2007ರಲ್ಲಿ ಅಮೆರಿಕದ ಎಲ್ಲ ಗುಪ್ತವಾರ್ತಾ ಕಚೇರಿಗಳಿಗೂ ಬರವಣಿಗೆಯ ಮತ್ತು ವಿವೇಚನೆಯ ಕಟ್ಟಳೆಗಳನ್ನು ವಿಧಿಸಿದರು. 2015ರ ಪರಿಷ್ಕೃತ ಕಟ್ಟಳೆಯಲ್ಲಿ ಸಂದೇಹದ ಒಂದೊಂದು ಮಾತಿಗೂ ಶೇಕಡಾ ಇಷ್ಟರಿಂದ ಇಷ್ಟು ಎಂಬ ಪಟ್ಟಿಯಿದೆ: 'ಸಂಭವನೀಯ'ಕ್ಕೆ 55ರಿಂದ 80, 'ಬಹುಮಟ್ಟಿಗೆ ನಿಶ್ಚಿತ'ಕ್ಕೆ 95ರಿಂದ 99, ಹೀಗೆ. ಅರ್ಧ ಶತಮಾನ ತಡವಾಗಿ ಗಣಿತಜ್ಞರು ಕವಿಗಳನ್ನು ಗೆದ್ದರು.

ಪೂರ್ತಿ ಗೆದ್ದರೆಂದೂ ಹೇಳಲಾಗದು. 2011ರಲ್ಲಿ ಪಾಕಿಸ್ತಾನದ ಅಬೊಟಾಬಾದಿನ ಒಂದು ಮನೆಯಲ್ಲಿ ಒಸಾಮಾ ಬಿನ್ ಲಾಡೆನ್ ಇದ್ದಾನೆಯೇ ಎಂದು ಅಧ್ಯಕ್ಷ ಒಬಾಮ ವಿಚಾರಿಸಿದಾಗ, ವಿಶ್ಲೇಷಕರು ಶೇಕಡಾ 40ರಿಂದ 95ರವರೆಗೆ ಬೇರೆ ಬೇರೆ ಅಂಕಿಗಳನ್ನು ಹೇಳಿದರು. ಇದು ಅರ್ಧಕ್ಕರ್ಧ ಎಂದು ತಿಳಿದು ನಿರ್ಧಾರ ಮಾಡಬೇಕಾಯಿತೆಂದು ಅಧ್ಯಕ್ಷರು ಆಮೇಲೆ ಹೇಳಿದರು. ಆದರೂ ಒಂದು ವ್ಯತ್ಯಾಸವುಂಟು. 1951ರಲ್ಲಿ ಭಿನ್ನಾಭಿಪ್ರಾಯ ಶಬ್ದದ ಹೊದಿಕೆಯೊಳಗೆ ಮಲಗಿತ್ತು. 2011ರಲ್ಲಿ ಅದು ನಿರ್ಧರಿಸುವವನ ಎದುರಿಗೆ ಎದ್ದು ನಿಂತಿತ್ತು. ನಿರ್ಧಾರದ ಹೊಣೆ ಯಾರದೆಂಬುದು ಸ್ಪಷ್ಟವಾಯಿತು. ಅಂಕಿಯಿಂದ ಅಷ್ಟು ಲಾಭವಾದರೂ ಆದೀತು.

ಇದನ್ನೆಲ್ಲ ಓದುವಾಗ ನನಗೆ ಮೈಸೂರು ಮತ್ತೆ ಮತ್ತೆ ನೆನಪಾಗುತ್ತಿತ್ತು. ಬೇಹಿನ ವಿಷಯದಲ್ಲಿ ಜಗತ್ತಿನ ಬಹು ಹಳೆಯ ಗ್ರಂಥಗಳಲ್ಲಿ ಒಂದಾದ ಕೌಟಿಲ್ಯನ ಅರ್ಥಶಾಸ್ತ್ರ ಬೆಳಕಿಗೆ ಬಂದದ್ದು ಅಲ್ಲಿಯೇ. 1905ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಮುದ್ರಿಸಿ, 1915ರಲ್ಲಿ ಇಂಗ್ಲಿಷಿಗೆ ತಂದರು. ಗೃಹಸ್ಥ, ವರ್ತಕ, ತಾಪಸ ಮೊದಲಾದ ವೇಷಗಳ ಚಾರರು ಒಬ್ಬರನ್ನೊಬ್ಬರು ಅರಿಯದಂತೆ ಇರಬೇಕು. ಮೂರು ಕಡೆಯಿಂದ ಬಂದ ಸುದ್ದಿ ಒಂದೇ ಆದರೆ ನಂಬಬೇಕು ಎಂದು ಕೌಟಿಲ್ಯ ಹೇಳುತ್ತಾನೆ. ಅದೇ ಗ್ರಂಥದಲ್ಲಿ ರಾಜಶಾಸನಗಳನ್ನು ಬರೆಯುವ ಬಗೆಗೆ ಒಂದು ಅಧ್ಯಾಯವುಂಟು. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಸ್ಪಷ್ಟತೆ ಮೊದಲಾದವು ಬರವಣಿಗೆಯ ಗುಣಗಳು. ಹಿಂದುಮುಂದಿನ ವಿರೋಧ, ಪುನರುಕ್ತಿ, ಅಪಶಬ್ದ ಮೊದಲಾದವು ದೋಷಗಳು. ರಾಜ್ಯವಾಳುವವನಿಗೆ ಚಾರನೂ ಬೇಕು, ಲೇಖಕನೂ ಬೇಕು ಎಂದು ಅವನು ಬಲ್ಲ. ಆದರೆ ಮತ್ತೆ ಮತ್ತೆ ಸುಳ್ಳಾಗುವ ಸುದ್ದಿ ತಂದ ಚಾರನಿಗೆ ಅವನು ವಿಧಿಸಿದ್ದು ಗುಟ್ಟಿನ ದಂಡನೆ, ಇಲ್ಲವೆ ಕೆಲಸದಿಂದ ವಜಾ. ಕೆಂಟ್ ಅವರ ಕಾಲ ಬೇರೆಯಾದದ್ದು ಇಲ್ಲಿ. ತಪ್ಪಿದವನನ್ನು ತೆಗೆದುಹಾಕುವುದರ ಜೊತೆಗೆ, ಬಲ್ಲವನು ಏಕೆ ತಪ್ಪಿದನೆಂದು ಕೇಳಿ, ಉತ್ತರವನ್ನು ಬರೆದಿಟ್ಟು, ಮುಂದೆ ಬರುವವನಿಗೆ ಪಾಠ ಮಾಡಿದರು. 1962ರ ತನ್ನ ತಪ್ಪಿನ ಬಗೆಗೂ ಕೆಂಟ್ ಬರೆದರು. ತನ್ನನ್ನು ಸಮರ್ಥಿಸಿಕೊಂಡೇ ಬರೆದರು, ಆದರೆ ಬಚ್ಚಿಡಲಿಲ್ಲ.

ಕಾವ್ಯದ ಮೇಷ್ಟ್ರಾದ ನಾನು ಯಾವ ಪಕ್ಷ ಎಂದು ಓದುಗರು ಕೇಳಬಹುದು. ಶಬ್ದಕ್ಕೆ ಹೇಳಿದ್ದಕ್ಕಿಂತ ಹೆಚ್ಚನ್ನು ಸೂಚಿಸುವ ಶಕ್ತಿಯಿದೆ, ಅದೇ ಧ್ವನಿ ಎಂದು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವವನು ನಾನು. ಒಂದೇ ಮಾತು ಹತ್ತು ಸಹೃದಯರಲ್ಲಿ ಹತ್ತು ಭಾವಗಳನ್ನು ಹುಟ್ಟಿಸಿದರೆ ಕಾವ್ಯಕ್ಕೆ ಅದು ಐಶ್ವರ್ಯ. ಬಹುಕಾಲ ನಾನು ಕವಿಗಳ ಪಕ್ಷದಲ್ಲಿಯೇ ಇದ್ದೆ. ಪಕ್ಷ ಬದಲಾದದ್ದು ಪುಸ್ತಕದಿಂದಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ವೈದ್ಯರು, "ಸದ್ಯಕ್ಕೆ ಪರವಾಗಿಲ್ಲ. ಆದರೆ ಈ ವಯಸ್ಸಿನಲ್ಲಿ ಹೀಗೇ ಅಂತ ಹೇಳೋಕಾಗೋದಿಲ್ಲ" ಎಂದಿದ್ದರು. ದೂರದ ಊರಿನಲ್ಲಿರುವ ಅಕ್ಕ ರಾತ್ರಿ ಫೋನು ಮಾಡಿದಳು. "ಹೊರಟು ಬರಲೇನೋ?" ಎಂದಳು. ಅವಳ ಮಗಳಿಗೆ ಪರೀಕ್ಷೆ ನಡೆಯುತ್ತಿತ್ತು. "ಬಹುಶಃ ಗಾಬರಿಪಡುವಂಥದ್ದೇನೂ ಇಲ್ಲಕ್ಕ. ಭಾನುವಾರ ಬಂದರೆ ಸಾಕು ಅಂತ ಕಾಣುತ್ತೆ" ಎಂದೆ. ವೈದ್ಯರ ಎರಡು ವಾಕ್ಯಗಳಲ್ಲಿ ಎರಡನೆಯದನ್ನು ನುಂಗಿ, ಮೊದಲನೆಯದಕ್ಕೆ 'ಬಹುಶಃ' ಸೇರಿಸಿದ್ದೆ. ತಂದೆಯವರು ಶನಿವಾರ ಬೆಳಗಿನ ಜಾವ ಹೋದರು.

ಅಕ್ಕ ನನ್ನನ್ನು ಆಕ್ಷೇಪಿಸಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಒಂದು ದಿನ, "ನೀನು ಬಹುಶಃ ಅಂದೆ ಕಣೋ, ನಾನು ಖಂಡಿತ ಅಂತ ಕೇಳಿಸಿಕೊಂಡೆ" ಎಂದಳು, ಅಷ್ಟೆ. ಆ ರಾತ್ರಿ ಅವಳು ನನ್ನನ್ನು ನೂರಕ್ಕೆ ಎಷ್ಟು ಎಂದು ಕೇಳಿದ್ದರೆ ಅರವತ್ತು ಎನ್ನುತ್ತಿದ್ದೆ. ಅರವತ್ತೆಂದು ಕೇಳಿದ್ದರೆ ಅವಳು ಆ ರಾತ್ರಿಯ ಬಸ್ಸನ್ನೇ ಹತ್ತುತ್ತಿದ್ದಳು. ನಾನು ಸುಳ್ಳು ಹೇಳಲಿಲ್ಲ. ನನಗೆ ತಿಳಿದದ್ದು ಎಷ್ಟೆಂದು ನಾನೇ ಅಳೆದುಕೊಂಡಿರಲಿಲ್ಲ. ಅಳೆಯದ್ದನ್ನು ಒಂದು ಒಳ್ಳೆಯ ಮಾತಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. ಕಾವ್ಯವನ್ನು ಓದುವವನಿಗೆ ಬಿಡುವಿದೆ. ನಮ್ಮ ಮಾತನ್ನು ನಂಬಿ ಬಸ್ಸು ಹತ್ತಬೇಕಾದವರಿಗೆ, ಸೈನ್ಯ ಕಳುಹಿಸಬೇಕಾದವರಿಗೆ ಅದು ಇಲ್ಲ. ಅವರಿಗೆ ಕೊಡುವ ಮಾತಿನಲ್ಲಿ ಧ್ವನಿ ಇರಬಾರದು, ತೂಕವಿರಬೇಕು.

ಹಲ್ಮಿಡಿಯ ಹುಡುಗನಿಗೆ ಉತ್ತರಪತ್ರಿಕೆ ಹಿಂದಿರುಗಿಸಿ ಹೇಳಿದೆ: "ಮೂರು ಭಾಗ ಮಾಡಿ ಬರೆ. ಕಲ್ಲಿನಲ್ಲಿ ಏನಿದೆ, ಅದರಿಂದ ಏನು ಊಹಿಸುತ್ತಾರೆ, ಆ ಊಹೆಯಲ್ಲಿ ನಿನಗೆ ನಂಬಿಕೆ ಎಷ್ಟು." ಮರುದಿನ ಬರೆದು ತಂದ. ಶಾಸನದಲ್ಲಿ ಇಸವಿ ಇಲ್ಲ. ಕದಂಬ ಕಾಕುಸ್ಥನ ಹೆಸರಿದೆ. ಲಿಪಿಯನ್ನೂ ಭಾಷೆಯನ್ನೂ ಆ ಹೆಸರನ್ನೂ ನೋಡಿ 450ರ ಸುಮಾರಿಗೆ ಹೇಳುತ್ತಾರೆ. ಅದಕ್ಕಿಂತ ಈಚಿನದೆನ್ನುವವರೂ ಇದ್ದಾರೆ. ಕೊನೆಯಲ್ಲಿ, "ನನಗೆ ನೂರಕ್ಕೆ ಎಪ್ಪತ್ತರಷ್ಟು ನಂಬಿಕೆ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ.

"ಎಪ್ಪತ್ತೇ ಯಾಕೆ? ಎಂಬತ್ತು ಯಾಕಾಗಬಾರದು?" ಎಂದೆ.

ಹುಡುಗ ಎದುರಿನ ಕುರ್ಚಿಯನ್ನು ಎಳೆದುಕೊಂಡು ಕುಳಿತ. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ನನ್ನೊಡನೆ ವಾದ ಮಾಡಿದ. ಗಂಟೆ ಹೊಡೆದರೂ ಏಳಲಿಲ್ಲ.